ಹಣೆಗೆ ಕೈ ಹಚ್ಚಿದ ಫೋಟೋ

"ಕೆನ್ನೆಗೆ ಬೇಡ ಯಜಮಾನ್ರೇ, ಕೈ ಹಣೆಗೆ ಇಟ್ಕೊಳ್ಳಿ."

"ಹಣಿ ನೋವಿಲ್ಲರಿ. ಹಲ್ಲ ನೋವೈತಿ."

"ಗೊತ್ತು. ಒಂದು ನಿಮಿಷ ಹಣೆಗೆ ಇಟ್ಕೊಳ್ಳಿ, ಫೋಟೋಗೆ."

"ಯಾವ ಕೈ ಇಡ್ಲಿ?"

"ಯಾವುದಾದರೂ ಇಡಿ."

ದೊಡ್ಡಪ್ಪ ಬೇಕಂತಲೇ ಎಡಗೈ ಇಟ್ಟ. ಅದರಲ್ಲಿ ಹೊಸ ವಾಚಿತ್ತು. ಫೋಟೋದವನು ವಾಚು ಬೇಡ ಅಂದ. ದೊಡ್ಡಪ್ಪ ಮುಖ ಸಣ್ಣದು ಮಾಡಿಕೊಂಡು ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಆಮೇಲೆ ಅಂಗಿಯ ಕಾಲರಿಗೆ ಚುಚ್ಚಿಕೊಂಡಿದ್ದ ದಬ್ಬಣ ಅವನ ಕಣ್ಣಿಗೆ ಬಿತ್ತು. ಅದೂ ಬೇಡವಂತೆ. ಅದನ್ನೂ ಕೊಟ್ಟ.

"ಈಗ ಮೇಲೆ ನೋಡಿ. ಮೋಡ ಹುಡುಕೋ ಹಾಗೆ."

"ಮಾಡ ಎಲ್ಲೈತ್ರಿ ಅಲ್ಲಿ?"

"ಇಲ್ಲ ಅಂತಲೇ ಹುಡುಕಬೇಕು."

ದೊಡ್ಡಪ್ಪ ಹುಡುಕಿದ. ಕ್ಯಾಮೆರಾ ಚಟಪಟ ಅಂದಿತು.

ನಾವು ನಿಂತಿದ್ದು ಬ್ಯಾಡಗಿ ಹೊರಗಿನ ಒಂದು ಕೆರೆಯ ಅಂಗಳದಲ್ಲಿ. ನೀರಿರಲಿಲ್ಲ, ನೆಲ ಬಿರಿದಿತ್ತು. ಫೋಟೋದವನು ಬೆಂಗಳೂರಿನ ಯಾವುದೋ ಪತ್ರಿಕೆಯವನು. ಹಾವೇರಿ ರೈಲು ನಿಲ್ದಾಣದಿಂದ ಅವನನ್ನು ಕರೆತಂದ ಬಾಡಿಗೆ ಕಾರು ನನ್ನದು. ದೊಡ್ಡಪ್ಪ ಹಾವೇರಿಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು, ಬಸ್ಸಿಗೆ ಯಾಕೆ ಕಾಯಬೇಕು ಅಂತ ನನ್ನ ಕಾರಿನಲ್ಲೇ ಮನೆಗೆ ಹೊರಟಿದ್ದ. ದವಡೆ ಊದಿತ್ತು. ಬಾವು ಇಳಿಯಲಿ, ಆಮೇಲೆ ಕೀಳುತ್ತೇನೆ ಅಂದಿದ್ದರಂತೆ ಡಾಕ್ಟರು. ದಾರಿಯಲ್ಲಿ ಕೆರೆ ಕಂಡಿತು, ಫೋಟೋದವನು ನಿಲ್ಲಿಸು ಅಂದ. ಕೆನ್ನೆ ಹಿಡಿದುಕೊಂಡು ಕೆಳಗಿಳಿದ ದೊಡ್ಡಪ್ಪನ ಮುಖ ನೋಡಿದ್ದೇ ಅವನ ಕಣ್ಣು ಅರಳಿಬಿಟ್ಟವು.

ಆ ಫೋಟೋ ನೀವೂ ನೋಡಿರುತ್ತೀರಿ. ಕಪ್ಪು ಬಿಳುಪು. ಬಿರಿದ ನೆಲ, ಮುದುಕ, ಹಣೆಗೆ ಕೈ. ಕೆಳಗೆ "ಮಳೆಗಾಗಿ ಮುಗಿಲು ನೋಡುತ್ತಿರುವ ರೈತ" ಅಂತ ಇರುತ್ತದೆ. ಮುಖದಲ್ಲಿ ಕಾಣುವ ಸಂಕಟ ಖರೇ. ಆದರೆ ಅದು ಹಲ್ಲಿನದು.

ಮೊನ್ನೆ ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ತಿನ್ನುತ್ತಿದ್ದೆ. ಎರಡು ಮಿರ್ಚಿ, ಒಂದಿಷ್ಟು ಮಂಡಕ್ಕಿ, ಹಳೇ ಪೇಪರಿನ ಹಾಳೆಯ ಮೇಲೆ. ಒಂದು ಮಿರ್ಚಿ ಎತ್ತಿದೆ, ಕೆಳಗೆ ದೊಡ್ಡಪ್ಪ ಇದ್ದ. ಎಣ್ಣೆ ಹತ್ತಿ ಹಣೆ ಮಿಂಚುತ್ತಿತ್ತು. ಅಂಗಡಿಯವನಿಗೆ ಬೇರೆ ಹಾಳೆ ಕೊಡು ಅಂದೆ.

"ಯಾಕ, ಇದಕ್ಕೇನಾಗೇತಿ?"

"ಇದ್ರಾಗ ನಮ್ಮ ದೊಡ್ಡಪ್ಪ ಅದಾನ."

ಅವನು ಬಗ್ಗಿ ನೋಡಿದ. "ಹೌದೇನು? ಹಂಗಾರ ಅವರಿಗೂ ಒಂದು ಬಿಸಿ ಮಿರ್ಚಿ ಹಾಕ್ಲಿ?"

ಅವನು ಒಳ್ಳೆಯ ಮನಸ್ಸಿನಿಂದಲೇ ಅಂದ. ದೊಡ್ಡಪ್ಪ ಸತ್ತಿದ್ದಾನೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡೆ. ಅದಕ್ಕೇ ಇದನ್ನೆಲ್ಲ ಬರೆಯಲು ಕೂತೆ. ನಾನು ಬರೆಯುವವನಲ್ಲ. ಎಂಟನೇ ಇಯತ್ತೆಗೇ ಸಾಲಿ ಬಿಟ್ಟವನು. ತಪ್ಪಿದ್ದರೆ ಇರಲಿ.

ದೊಡ್ಡಪ್ಪ ರೈತನೇ ಅಲ್ಲ. ಅವನಿಗೆ ಒಂದು ಗೇಣು ಹೊಲವೂ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ಹೊಲಿಯುವುದು ಅವನ ಕೆಲಸ. ತೂಕ ಆದ ಚೀಲ ಮುಂದೆ ಬಂದು ನಿಲ್ಲುತ್ತದೆ, ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡು ಈ ಕಿವಿಯಿಂದ ಆ ಕಿವಿಗೆ ಹೊಲಿದು, ಎಳೆದು, ಗಂಟು ಹಾಕಬೇಕು. ತಗಡಿನ ಸೂರಿನ ಕೆಳಗೆ, ಮೆಣಸಿನಕಾಯಿ ಧೂಳಿನಲ್ಲಿ. ಅವನ ಕೈ ಯಾವಾಗಲೂ ಕೆಂಪು. ಪತ್ರಿಕೆಯವರು ಫೋಟೋ ಕಪ್ಪು ಬಿಳುಪು ಮಾಡಿದ್ದರಿಂದ ಅದು ಕಾಣಲಿಲ್ಲ. ಬಣ್ಣದಲ್ಲಿ ಹಾಕಿದ್ದರೆ, ಇದು ಮಣ್ಣು ಮುಟ್ಟಿದ ಕೈಯಲ್ಲ ಅಂತ ನಮ್ಮ ಕಡೆಯ ಯಾರಿಗಾದರೂ ತಿಳಿಯುತ್ತಿತ್ತು.

ನಮ್ಮಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ಸಾಕಿದ್ದು ದೊಡ್ಡಪ್ಪ, ದೊಡ್ಡವ್ವ. ಪೇಟೆಯಿಂದ ಬಂದ ದೊಡ್ಡಪ್ಪ ನನ್ನನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಉರಿಯುತ್ತದಲ್ಲ. ಮೊಣಕೈಯಿಂದ ಕುತ್ತಿಗೆಗೆ ಒಂದು ತಿವಿತ, ಅದೇ ಮುದ್ದು. ಎತ್ತಿಕೊಳ್ಳಬೇಕಾದರೆ ಎರಡೂ ಮೊಣಕೈ ಸಂದಿಯಲ್ಲಿ ಸಿಕ್ಕಿಸಿಕೊಂಡು ಚೀಲದ ಹಾಗೆ ಎತ್ತುತ್ತಿದ್ದ. ಎಲ್ಲರ ಮನೆಯಲ್ಲೂ ಹೀಗೇ ಎತ್ತುತ್ತಾರೆ ಅಂತ ನಾನು ಬಹಳ ದಿನ ತಿಳಿದಿದ್ದೆ.

ಒಂದು ಸಲ ನನ್ನ ಸಾಲಿ ಚೀಲ ಹರಿಯಿತು. ದೊಡ್ಡಪ್ಪ ಅದನ್ನು ಪೇಟೆಗೆ ಒಯ್ದು, ಅದೇ ದಬ್ಬಣ, ಅದೇ ಸುತಳಿಯಿಂದ ಹೊಲಿದು ತಂದ. ಗಟ್ಟಿ ಅಂದರೆ ಗಟ್ಟಿ. ಮರುದಿನ ವರ್ಗದಲ್ಲಿ ಅದನ್ನು ತೆರೆದೆ. ಮೊದಲು ಪಕ್ಕದವನು ಸೀನಿದ. ಆಮೇಲೆ ಅವನ ಪಕ್ಕದವನು. ಸೀನು ಸಾಲು ಹಿಡಿದು ಮೇಜಿನ ತನಕ ಹೋಯಿತು. ಗುರುಗಳು ಕಣ್ಣು ಒರೆಸಿಕೊಳ್ಳುತ್ತಾ, "ಏ ಮಂಜ್ಯಾ, ನೀ ಹೊರಗ ಕುಂದ್ರೋ. ನಿನ್ನ ಚೀಲಾನೂ ಹೊರಗ ಕುಂದ್ರಸು" ಅಂದರು. ಹೊರಗೆ ಕೂತು ಕೂತು ನನಗೆ ಅದೇ ರೂಢಿಯಾಯಿತು. ಸಾಲಿ ಬಿಡಲು ಚೀಲ ಕಾರಣ ಅಂತ ಹೇಳುತ್ತಿರುತ್ತೇನೆ. ದಡ್ಡತನವೂ ಇತ್ತು.

ಫೋಟೋದ ಮಾತಿಗೆ ಬರುತ್ತೇನೆ. ಅದು ಪೇಪರಿನಲ್ಲಿ ಬಂದ ದಿನ ನಮಗೆ ಗೊತ್ತೇ ಇರಲಿಲ್ಲ. ಮೊದಲು ಗೊತ್ತಾದದ್ದು ಕುಪ್ಪೇಲೂರಿನಲ್ಲಿ. ಅಲ್ಲಿ ನನ್ನ ಅತ್ತೆ ಇದ್ದಾಳೆ, ದೊಡ್ಡಪ್ಪನ ತಂಗಿ. ಓದು ಬರುವುದಿಲ್ಲ. ಚಹಾದಂಗಡಿಯ ಪೇಪರಿನಲ್ಲಿ ಯಾರೋ ತೋರಿಸಿದರು, ನೋಡವಾ ನಿಮ್ಮಣ್ಣನ ಫೋಟೋ ಅಂತ. ನಮ್ಮ ಕಡೆ ಪೇಪರಿನಲ್ಲಿ ಒಬ್ಬನೇ ಮನುಷ್ಯನ ಫೋಟೋ ಬಂತೆಂದರೆ ಎರಡೇ ಅರ್ಥ. ಅವನು ಚುನಾವಣೆಗೆ ನಿಂತಿದ್ದಾನೆ, ಇಲ್ಲ ಸತ್ತಿದ್ದಾನೆ. ದೊಡ್ಡಪ್ಪ ಚುನಾವಣೆಗೆ ನಿಲ್ಲುವ ಮನುಷ್ಯ ಅಲ್ಲ.

ಅತ್ತೆ ಉಟ್ಟ ಸೀರೆಯಲ್ಲೇ ರಾಣೆಬೆನ್ನೂರು ಬಸ್ಸು ಹತ್ತಿದಳು. ಅಲ್ಲಿಂದ ಬ್ಯಾಡಗಿ. ನಮ್ಮ ಓಣಿಯ ಮೂಲೆಯಿಂದಲೇ ಅಳು ಸುರು. "ಯಣ್ಣಾ, ಒಂದ ಮಾತ ಹೇಳದನ ಹೋದೇನೋ! ತವರಮನಿ ಬಾಗಲಾ ಮುಚ್ಚಿ ಹೋದೇನೋ!" ಓಣಿಯವರೆಲ್ಲ ಹೊರಗೆ ಬಂದರು. ಅಳುತ್ತಿರುವವಳನ್ನು ಕಂಡು ಇಬ್ಬರು ಹೆಂಗಸರು ಕಾರಣ ಗೊತ್ತಿಲ್ಲದೆ ತಾವೂ ಅಳತೊಡಗಿದರು.

ಒಳಗಿನಿಂದ ದೊಡ್ಡಪ್ಪ ಕೂಗಿದ, "ಯಾರ ಸತ್ತಾರವಾ?"

"ನೀನ ಸತ್ತೀಯಲ್ಲೋ!"

"ನಾ ಉಣ್ಣಾಕತ್ತೇನಿ. ಒಂದೀಟ ತಡಿ."

ಅತ್ತೆ ಒಳಗೆ ಬಂದು ನೋಡಿದಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ಉಣ್ಣುತ್ತಿದ್ದ, ಹಲ್ಲಿನ ಸಲುವಾಗಿ. ಕೈಚೀಲದಿಂದ ಅವನ ಬೆನ್ನಿಗೆ ನಾಲ್ಕು ಬಾರಿಸಿದಳು. ಆಮೇಲೆ ಅವನ ತಾಟಿನಿಂದಲೇ ರೊಟ್ಟಿ ಕಿತ್ತುಕೊಂಡು ತಿಂದಳು. ಹೊರಡುವಾಗ ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. "ಇನ್ನ ಮ್ಯಾಲ ನೀ ಖರೇನ ಸತ್ರೂ ನಾ ನಂಬಂಗಿಲ್ಲ ನೋಡು."

ಎಲ್ಲರೂ ನಕ್ಕೆವು.

ಮುಂದಿನ ಬೇಸಿಗೆಗೆ ಫೋಟೋ ಮತ್ತೆ ಬಂತು. ಅದರ ಮುಂದಿನ ಬೇಸಿಗೆಗೂ ಬಂತು. ಬೇರೆ ಪೇಪರು, ಬೇರೆ ಚಾನೆಲ್ಲು. ಒಂದು ವರ್ಷ ಮಳೆ ಜೋರಾಗಿ ಆ ಕೆರೆ ಕೋಡಿ ಬಿದ್ದು ಹರಿಯುತ್ತಿತ್ತು. ಆಗಲೂ ದೊಡ್ಡಪ್ಪ ಪೇಪರಿನಲ್ಲಿ ಬಿರಿದ ನೆಲದ ಮೇಲೆ ನಿಂತೇ ಇದ್ದ. ಪೇಟೆಯ ಹಮಾಲರಿಗೆ ಅದೊಂದು ಆಟವಾಯಿತು.

"ಏ ರೈತಾ, ಮಳಿ ಯಾವಾಗ ತರಸ್ತಿ?"

ದೊಡ್ಡಪ್ಪ ದಬ್ಬಣ ಕೆಳಗಿಟ್ಟು ಹಣೆಗೆ ಕೈ ಹಚ್ಚಿ ತಗಡು ನೋಡುತ್ತಿದ್ದ. "ಮಂಗಳವಾರ ಬರತೈತಿ ನೋಡ್ರಿ. ನಮ್ಮ ಹೊಲದಾಗ ಅಷ್ಟ. ನಿಮಗಿಲ್ಲ."

"ನಿಮ್ಮ ಹೊಲ ಎಲ್ಲೈತಿ?"

"ಪೇಪರಿನ್ಯಾಗ ಐತಲ್ಲ. ಓದಾಕ ಬರಂಗಿಲ್ಲೇನ ನಿನಗ?"

ಒಂದು ದಿನ ಯಾರೋ ಫೋನಿನಲ್ಲಿ ತೋರಿಸಿದರು. ಮೇಲೆ ಬಿಳಿ ಕರಡಿ ಒಂದು ಮುರಿದ ಹಿಮಗಡ್ಡೆಯ ಮೇಲೆ ಕೂತಿದೆ. ಕೆಳಗೆ ದೊಡ್ಡಪ್ಪ. ಜಗತ್ತು ಕಾಯುತ್ತಿದೆ ಅಂತ ಏನೋ ಬರೆದಿದ್ದರು. ದೊಡ್ಡಪ್ಪ ಬಹಳ ಹೊತ್ತು ನೋಡಿದ. "ಪಾಪ, ಅದಕ್ಕೂ ಹಲ್ಲ ನೋವಿರಬೇಕು" ಅಂದ.

ಸುದ್ದಿ ಹೇಗೆ ಆಗುತ್ತದೆ ಅಂತ ನಾನು ಕಲಿತದ್ದು ಕಾರಿನಲ್ಲಿ. ಹಾವೇರಿ ಸ್ಟೇಷನ್ನಿಗೆ ಇಳಿಯುವ ಪತ್ರಿಕೆಯವರು, ಟಿವಿಯವರು ಹಿಂದಿನ ಸೀಟಿನಲ್ಲಿ ಮಾತಾಡುವುದು ನನಗೆ ಕೇಳುತ್ತದೆ. ವರದಾ ನದಿ ಏರಿದರೆ ಬರುತ್ತಾರೆ. ಕೆರೆ ಒಣಗಿದರೆ ಬರುತ್ತಾರೆ. ನಡುವಿನ ದಿನಗಳಲ್ಲಿ ಯಾರೂ ಬರುವುದಿಲ್ಲ. ಆ ನಡುವಿನ ದಿನಗಳಲ್ಲೇ ಆಗಬಾರದ್ದು ಆಗುತ್ತಿರುತ್ತದೆ. ಒಣಗಲು ಹಾಕಿದ ಮೆಣಸಿನಕಾಯಿ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬೀಳುತ್ತದೆ, ಕಾಯಿ ಕಪ್ಪಾಗುತ್ತದೆ. ತೊಟ್ಟು ಬಿಡಿಸುವ ಹೆಂಗಸರು ಮಧ್ಯಾಹ್ನ ಝಳ ತಾಳದೆ ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ಕೂತಿರುತ್ತಾರೆ. ಅವರ ಫೋಟೋ ತೆಗೆದರೆ ಏನು ಕಾಣುತ್ತದೆ? ಹೆಂಗಸರು ಕೂತಿದ್ದಾರೆ ಅಂತ ಕಾಣುತ್ತದೆ. ಅದು ಸುದ್ದಿಯಲ್ಲ.

ಹವಾಮಾನ ಬದಲಾವಣೆ ಅಂದರೆ ಪೇಪರಿನ ಒಳಗಿನ ಪುಟ, ದೂರದೇಶದ್ದು. ನಮ್ಮ ಜಿಲ್ಲೆಯ ಪುಟದಲ್ಲಿ ಅದು ಬರುವುದಿಲ್ಲ. ಅಲ್ಲಿ ಬರುವುದು "ಬಿಸಿಲ ಝಳ: ಕಲ್ಲಂಗಡಿಗೆ ಭಾರಿ ಬೇಡಿಕೆ." ಪ್ರತಿ ವರ್ಷ. ಕಲ್ಲಂಗಡಿ, ಎಳನೀರು, ಮಣ್ಣಿನ ಗಡಿಗೆ. ಓದಿದರೆ ಬಿಸಿಲು ಬಂದದ್ದು ಒಳ್ಳೆಯದೇ ಆಯಿತು ಅನ್ನಿಸಬೇಕು, ಹಾಗೆ ಬರೆದಿರುತ್ತಾರೆ.

ಹಿಂದಿನ ಸೀಟಿನವರು ಕೆಟ್ಟವರಲ್ಲ. ಎಲ್ಲರಿಗೂ ಅವಸರ. ಸಂಜೆಯೊಳಗೆ ಕಳಿಸಬೇಕು. ಏನು ಬೇಕು ಅಂತ ಮೇಲಿನವರು ಮೊದಲೇ ಹೇಳಿರುತ್ತಾರೆ, ಇವರು ಅದನ್ನು ಹುಡುಕಿಕೊಂಡು ಬರುತ್ತಾರೆ. ನಾನು ಬಾಡಿಗೆಯವನು, ಎಲ್ಲಿ ಸಿಗುತ್ತದೋ ಅಲ್ಲಿಗೆ ಒಯ್ಯುತ್ತೇನೆ.

ಹೀಗೇ ಒಂದು ಏಪ್ರಿಲ್ಲಿನ ದಿನ ಹಾವೇರಿಗೆ ಒಂದು ಟಿವಿಯವರು ಬಂದಿದ್ದರು. ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾದವನು. ಬಿಸಿಲು ತೋರಿಸಬೇಕು ಅಂದರು. ಬಿಸಿಲು ಎಲ್ಲ ಕಡೆ ಇತ್ತು, ಆದರೆ ಕ್ಯಾಮೆರಾದಲ್ಲಿ ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಅದಕ್ಕೆ ನನ್ನ ಕಾರಿನ ಬಾನೆಟ್ಟಿನ ಮೇಲೆ ಮೊಟ್ಟೆ ಒಡೆದರು. ಬೇಯುತ್ತದಂತೆ. ಕಾದೆವು. ಕಾರು ಏರಿಗೆ ಮುಖ ಮಾಡಿ ನಿಂತಿತ್ತು, ಮೊಟ್ಟೆ ಜಾರಿ ಗಾಜಿನ ಬುಡಕ್ಕೆ ಹೋಗಿ ನಿಂತಿತು. ಇನ್ನೊಂದು ಒಡೆದರು, ಅದೂ ಜಾರಿತು.

"ಇನ್ನೊಂದೀಟು ಬಿಸಿಲು ಬೇಕಿತ್ತು" ಅಂದ ಕ್ಯಾಮೆರಾದವನು.

ಕೊನೆಗೆ ಎದುರಿನ ಹೋಟೆಲ್ಲಿನಿಂದ ಆಮ್ಲೆಟ್ ತಂದು ಬಾನೆಟ್ಟಿನ ಮೇಲೆ ಇಟ್ಟು ಶೂಟ್ ಮಾಡಿದರು. ಅಷ್ಟರಲ್ಲಿ ನನಗೆ ಫೋನು ಬಂತು. ಪೇಟೆಯ ಹಮಾಲನೊಬ್ಬ.

"ಮಂಜ್ಯಾ, ಲಗೂ ಬಾ. ನಿಮ್ಮ ದೊಡ್ಡಪ್ಪ ಚೀಲದ ಮ್ಯಾಲ ಒರಗ್ಯಾನ, ಏಳವಲ್ಲ. ಮೈ ಕೆಂಡಾಗೇತಿ."

ವರದಿಗಾರನಿಗೆ ಹೇಳಿದೆ. ಅವನು ಒಳ್ಳೆಯವನೇ. "ಮೊದ್ಲು ಹೋಗಪ್ಪ, ನಾವು ಹೆಂಗೋ ಹೋಗ್ತೀವಿ" ಅಂದ. ಆಮ್ಲೆಟ್ ತಾನೇ ಕೈಯಿಂದ ಎತ್ತಿದ. ಬ್ಯಾಡಗಿಯ ತನಕ ನನ್ನ ಗಾಜಿನ ಮುಂದೆ ಮೊಟ್ಟೆ ಒಣಗುತ್ತಾ ಬಂತು. ವೈಪರ್ ಹಾಕಿದರೆ ಇನ್ನಷ್ಟು ಬಳಿಯಿತು.

ಬೆಳಿಗ್ಗೆಯಿಂದ ತಗಡಿನ ಕೆಳಗೆ ಹೊಲಿಯುತ್ತಿದ್ದನಂತೆ. ಪೇಟೆಗೆ ಕಾಯಿಯ ಆವಕ ಜಾಸ್ತಿ ಇತ್ತು. ಪಕ್ಕದವನಿಗೆ ಎರಡು ಸಲ ಹೇಳಿದ್ದನಂತೆ, "ಯಾಕೋ ಬೆವರ ಬರವಲ್ದೋ ಇವತ್ತ." ಪಕ್ಕದವನು "ಚಲೋ ಆತಲ್ಲ, ಅಂಗಿ ಒಗೆಯೋದು ತಪ್ಪಿತು" ಅಂದನಂತೆ. ಅವನೂ ಏನು ಮಾಡಿಯಾನು. ಬೆವರು ನಿಲ್ಲುವುದು ಸಾವಿನ ಗುರುತು ಅಂತ ಯಾವ ಪೇಪರಿನಲ್ಲೂ ನಾವು ಓದಿರಲಿಲ್ಲ. ಕಲ್ಲಂಗಡಿಯದು ಓದಿದ್ದೆವು.

ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹಾರ್ಟು ನಿಂತಿದೆ ಅಂದರು. "ಬಿಸಿಲಿಗೇನ್ರಿ?" ಅಂತ ಕೇಳಿದೆ. "ಇರಬಹುದಪ್ಪಾ. ಆದರೆ ನಾ ನೋಡಿದ್ದು ಹಾರ್ಟು" ಅಂದರು. ಆ ವರದಿಗಾರನಿಗೆ ಫೋನು ಮಾಡಿದೆ. ಬಿಸಿಲಿನ ಸುದ್ದಿ ಬೇಕಂದಿದ್ದಿರಲ್ಲ, ಇಲ್ಲಿದೆ ಅಂದೆ. "ಡಾಕ್ಟರು ಬಿಸಿಲು ಅಂತ ಬರೆದು ಕೊಟ್ಟಾರಾ?" ಅಂದ. "ಇಲ್ಲ, ಹಾರ್ಟು ಅಂದಾರ." "ಹಂಗಾದ್ರೆ ನಾ ಹೆಂಗಪ್ಪ ಹಾಕಲಿ?" ಅವತ್ತು ಟಿವಿಯಲ್ಲಿ ನನ್ನ ಕಾರು ಬಂತು, ಆಮ್ಲೆಟ್ ಸಮೇತ.

ಮಣ್ಣು ಸಂಜೆಗೇ ಮಾಡಬೇಕು ಅಂದರು ಹಿರಿಯರು. "ಈ ಬಿಸಲಾಗ ಹೆಣ ಇಡಾಕ ಬರಂಗಿಲ್ಲ." ಮಂದಿಗೆ ತಿಳಿಸಬೇಕು. ನಮ್ಮಲ್ಲಿ ಈಗ ಏನಂದರೆ, ಬೀಗರ ಗುಂಪಿಗೆಲ್ಲ ಫೋನಿನಲ್ಲಿ ಸತ್ತವರ ಫೋಟೋ ಒಂದು ಹಾಕಿಬಿಡುತ್ತಾರೆ. ಬರಹ ಬೇಕಿಲ್ಲ. ಫೋಟೋ ಕಂಡವರು ಹೊರಟು ಬರುತ್ತಾರೆ. ದೊಡ್ಡಪ್ಪನ ಫೋಟೋ ಹುಡುಕಿದೆ. ಮದುವೆಗಳ ಫೋಟೋದಲ್ಲಿ ಅವನು ಯಾವಾಗಲೂ ಯಾರದೋ ಹಿಂದೆ ನಿಂತಿರುತ್ತಿದ್ದ, ಅರ್ಧ ಕಿವಿ ಮಾತ್ರ ಬಂದಿರುತ್ತಿತ್ತು. ಮುಖ ಪೂರ್ತಿ ಇದ್ದದ್ದು ಒಂದೇ. ಅದೇ ಹಾಕಿದೆ.

ಅತ್ತೆಯ ಮಗ ಲಾರಿ ಓಡಿಸುತ್ತಾನೆ, ಅವನ ಫೋನು ಹತ್ತಲಿಲ್ಲ. ಕುಪ್ಪೇಲೂರಿನಲ್ಲಿ ಪಕ್ಕದ ಮನೆಯವಳ ಫೋನಿಗೆ ಫೋಟೋ ಹೋಗಿತ್ತು. ಅವಳು ಗೋಡೆಯ ಆಚೆಯಿಂದಲೇ ಅತ್ತೆಗೆ ತೋರಿಸಿದಳಂತೆ. "ನಿಮ್ಮಣ್ಣನ ಫೋಟೋ ಬಂದೈತಿ ನೋಡಬೇ."

ಅತ್ತೆ ನೋಡಿದಳಂತೆ. "ಬ್ಯಾಸಗಿ ಬಂತಲ್ಲವಾ, ಬರತೈತಿ" ಅಂದಳಂತೆ. ಜೋಳ ಹಸನು ಮಾಡುತ್ತಾ ಕೂತಳಂತೆ.

ಕತ್ತಲಾಗುವ ತನಕ ದಾರಿ ನೋಡಿ ಮಣ್ಣು ಮಾಡಿದೆವು.

ಮರುದಿನ ಬಂದಳು. ಮಗ ಫೋನು ಮಾಡಿ ಹೇಳಿದ್ದ. ಓಣಿಯ ಮೂಲೆಯಿಂದ ಅಳು ಕೇಳಲಿಲ್ಲ. ಬಾಗಿಲಲ್ಲಿ ಬಂದು ನಿಂತಾಗಲೇ ನಮಗೆ ಗೊತ್ತಾದದ್ದು. ಗೋಡೆಯ ಬದಿಗೆ ಅವನು ಕೂತು ಉಣ್ಣುತ್ತಿದ್ದ ಜಾಗ ನೋಡಿದಳು. "ನಾ ನಂಬಲಿಲ್ಲ" ಅಂದಳು. ಅಷ್ಟೇ. ಅಂದಿನಿಂದ ಅವಳು ನಮ್ಮ ಮನೆಗೆ ಬಂದರೂ ಆ ಗೋಡೆಯ ಹತ್ತಿರ ಕೂರುವುದಿಲ್ಲ.

ಅದಾದ ಕೆಲವೇ ದಿನಕ್ಕೆ ಪೇಪರಿನಲ್ಲಿ ಮತ್ತೆ ಬಂತು. ಮಳೆಗಾಗಿ ಮುಗಿಲು ನೋಡುತ್ತಿರುವ ರೈತ. ಮಣ್ಣಿನೊಳಗೆ ಇದ್ದವನು ಮುಗಿಲು ನೋಡುತ್ತಿದ್ದ.

ದೊಡ್ಡವ್ವ ಫೋಟೋದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು, "ಇದ್ರಾಗ ಅವರ ಹೆಸರ ಐತೇನು?"

"ಇಲ್ಲಬೇ. ರೈತ ಅಂತ ಐತಿ."

"ಒಮ್ಮೆ ಹೆಸರ ಹಾಕ್ಸೋ. ಹೆಸರ ಹಾಕಿ, ಹೋಗ್ಯಾರ ಅಂತ ಹಾಕ್ಸು. ಇಲ್ಲಂದ್ರ ವರ್ಷಾ ವರ್ಷಾ ಬರತಾರ, ಬಿಸಲಾಗ ನಿಂದರತಾರ. ಒಮ್ಮೆ ಹಾಕಿದ್ರ ಮಂದಿಗೂ ತಿಳೀತೈತಿ, ಅವರಿಗೂ ಸಾಕಾಕೈತಿ."

ಅವಳಿಗೆ ಬೇಕಿದ್ದದ್ದು ಇಷ್ಟೇ. ಫೋಟೋ ತೆಗೆದವನಿಗೆ ಫೋನು ಮಾಡಿದೆ. ಅವನು ಆ ಕೆಲಸ ಬಿಟ್ಟಿದ್ದ. ಪತ್ರಿಕೆಯ ಕಚೇರಿಗೆ ಮಾಡಿದೆ. ಅದು ಸಂಗ್ರಹದ ಫೋಟೋ, ಅದರಲ್ಲಿ ಹೆಸರು ಇರುವುದಿಲ್ಲ ಅಂದರು. "ಸತ್ತಾನ್ರಿ ಅವನು" ಅಂದೆ. "ಅದಕ್ಕೆ ಶ್ರದ್ಧಾಂಜಲಿ ಜಾಹೀರಾತು ಕೊಡಬಹುದು" ಅಂದರು. ದನಿ ಮೆತ್ತಗೆಯೇ ಇತ್ತು. ನಾನು ಬೈದು ಇಟ್ಟೆ.

ಇಲ್ಲಿ ಒಂದು ಮಾತು. ದೊಡ್ಡವ್ವ ದೊಡ್ಡಪ್ಪನ ಹೆಸರು ಹೇಳುವುದಿಲ್ಲ. ಹಳೇ ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ, ಆಯುಷ್ಯ ಕಡಿಮೆಯಾಗುತ್ತದಂತೆ. "ಅವರು" ಅಂತಾಳೆ. ಮದುವೆಗಳಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಲು ಹೆಂಗಸರು ಕಾಡಿದರೆ, ಎರಡು ಸಾಲು ಪದ ಕಟ್ಟಿ, ಕೊನೆಗೆ ಹೆಸರು ಬರುವಲ್ಲಿ ಸೆರಗು ಬಾಯಿಗೆ ಹಿಡಿದು ನುಂಗಿಬಿಡುತ್ತಿದ್ದಳು. ಪಡಿತರ ಅಂಗಡಿಯಲ್ಲಿ ಹೆಸರು ಕೇಳಿದರೆ ನನ್ನ ಕಡೆ ತಿರುಗಿ "ಹೇಳೋ" ಅನ್ನುತ್ತಿದ್ದಳು. ಅವನು ಸತ್ತ ಮೇಲೂ ಹಾಗೇ ಇದ್ದಳು. ಇನ್ನು ಯಾವ ಆಯುಷ್ಯ ಕಡಿಮೆಯಾಗಬೇಕಿತ್ತೋ.

ಮುಂದಿನ ವರ್ಷ ಒಬ್ಬ ಹುಡುಗಿ ಬಂದಳು. ಹೆಸರು ರೇಖಾ, ಊರು ಹಲಗೇರಿ, ಓದುವುದು ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ. ಪೇಪರು, ಟಿವಿಯವರು ಹವಾಮಾನದ ಸುದ್ದಿಯನ್ನು ಹೇಗೆ ಮಾಡುತ್ತಾರೆ ಅನ್ನುವುದೇ ಅವಳ ಓದು. ಎಷ್ಟೋ ಪೇಪರುಗಳಲ್ಲಿ ಒಂದೇ ಮುದುಕ ಸಿಕ್ಕಿದ್ದನಂತೆ. ಈ ಮನುಷ್ಯ ಯಾರು ಅಂತ ಹುಡುಕುತ್ತಾ ಹಾವೇರಿ ಸ್ಟೇಷನ್ನಿನಲ್ಲಿ ಡ್ರೈವರುಗಳಿಗೆ ತೋರಿಸಿದಳು. ಅವರು ನನ್ನ ಕಡೆ ಕೈ ಮಾಡಿದರು.

ಮನೆಗೆ ಕರೆದುಕೊಂಡು ಹೋದೆ. ದೊಡ್ಡವ್ವ ಚಹಾ ಮಾಡಿದಳು.

"ಏನ ಓದಾಕತ್ತೀದಿ ಯವ್ವಾ?"

"ಸುದ್ದಿಯವರು ಬಿಸಲಾ, ಮಳಿ ಎಲ್ಲಾ ಹೆಂಗ ಬರೀತಾರ ಅಂತರಿ ಅಜ್ಜಿ."

"ಅದನ್ನೂ ಕಲಸ್ತಾರೇನು ಸಾಲ್ಯಾಗ?"

"ಕಲಸ್ತಾರ್ರಿ."

"ಹಂಗಾರ ಬರಿಯಾವರು ಯಾಕ ಕಲ್ತಿಲ್ಲ?"

ರೇಖಾ ನಕ್ಕಳು. ಒಳ್ಳೆಯ ಹುಡುಗಿ. ಅವಸರ ಇರಲಿಲ್ಲ. ನಾನು ಕಂಡ ಸುದ್ದಿಯ ಮಂದಿಯಲ್ಲಿ ಕೈಯಲ್ಲಿ ಕ್ಯಾಮೆರಾ ಇಲ್ಲದವಳು ಅವಳೊಬ್ಬಳೇ. ಹಲ್ಲು ನೋವು, ವಾಚು, ದಬ್ಬಣ, ಬೆವರು ಬರವಲ್ದು ಅಂದದ್ದು, ಅತ್ತೆ ಮಣ್ಣಿಗೆ ಬರದೇ ಹೋದದ್ದು, ಎಲ್ಲ ಕೇಳಿ ಬರೆದುಕೊಂಡಳು. ಒಂದು ಕಡೆ ಪೆನ್ನು ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ಮೆಣಸಿನಕಾಯಿ ಧೂಳಿರಬೇಕು ಅಂದೆ. ಅಲ್ಲ ಅಂದಳು.

"ಹೆಸರರಿ ಅವರದು?"

ದೊಡ್ಡವ್ವ ನನ್ನ ಕಡೆ ತಿರುಗಿ "ಹೇಳೋ" ಅಂದಳು. ಹೇಳಿದೆ. ರೇಖಾ ಬರೆದುಕೊಂಡಳು. ಅವಳು ಬರೆಯುವುದನ್ನು ದೊಡ್ಡವ್ವ ಪೆನ್ನು ಏಳುವ ತನಕ ನೋಡಿದಳು. ಆ ದಿನ ದೊಡ್ಡವ್ವ ಎರಡು ರೊಟ್ಟಿ ಜಾಸ್ತಿ ಉಂಡಳು.

ಆಮೇಲೆ ಬಾಗಿಲಲ್ಲಿ ಯಾರು ಕೂಗಿದರೂ ದೊಡ್ಡವ್ವ "ಆ ಹುಡುಗಿ ಬಂತೇನೋ?" ಅನ್ನುತ್ತಿದ್ದಳು. ಮಳೆಗಾಲ ಹೋಯಿತು. ಚಳಿ ಬಂತು. ಮೆಣಸಿನಕಾಯಿ ಪೇಟೆ ಸುರುವಾಯಿತು. ಆಗ ಬಂದಳು, ಬರೆದದ್ದನ್ನು ಹಿಡಿದುಕೊಂಡು. ಇಂಗ್ಲಿಷಿನಲ್ಲಿತ್ತು. ದೊಡ್ಡವ್ವನ ಮುಂದೆ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಖರೇ ಹೇಳುತ್ತೇನೆ, ಚೆನ್ನಾಗಿ ಬರೆದಿದ್ದಳು. ಹೊಲ ಇಲ್ಲದವನು ರೈತನಾದದ್ದು, ಮಳೆಯ ಫೋಟೋ ಆದವನು ಬಿಸಿಲಿಗೆ ಸತ್ತದ್ದು, ಆ ಸಾವು ಎಲ್ಲೂ ಬರದೇ ಇದ್ದದ್ದು, ಫೋಟೋ ಬರುತ್ತಲೇ ಇದ್ದದ್ದು. ಒಂದೂ ಸುಳ್ಳಿಲ್ಲ. ಮೊದಲ ಸಲ ಯಾರೋ ನಮ್ಮ ಮನೆಯದ್ದನ್ನು ಇದ್ದ ಹಾಗೆ ಬರೆದಿದ್ದರು.

ದೊಡ್ಡವ್ವ ಕೊನೆಯ ತನಕ ಕೇಳಿದಳು.

"ಹೆಸರ ಎಲ್ಲಿ ಬಂತವಾ?"

ರೇಖಾ ಹಾಳೆ ತಿರುವಿದಳು. "ಇಲ್ಲಿ 'ವ್ಯಕ್ತಿ ಎರಡು' ಅಂತ ಐತಲ್ಲರಿ ಅಜ್ಜಿ, ಅದ ಅಜ್ಜಾರು."

"ಎರಡು ಅಂದ್ರ?"

"ಹೆಸರ ಹಾಕಾಂಗಿಲ್ಲರಿ. ನಾ ಕೇಳಿದೆ, ಭಾಳ ಕೇಳಿದೆ. ಇಂಥಾ ಓದಿನ ಬರಹದಾಗ ಯಾರ ಹೆಸರೂ ಹಾಕಾಂಗಿಲ್ಲ ಅಂತ ನಿಯಮ ಐತ್ರಿ. ಅವರಿಗೆ ತ್ರಾಸ ಆಗಬಾರದು ಅಂತ ಕಾಯಾಕ ಮಾಡ್ಯಾರ."

"ಯಾರನ್ನ ಕಾಯಾಕ?"

"ಅಜ್ಜಾರನ್ನ."

ದೊಡ್ಡವ್ವ ಆ ಸಾಲಿನ ಮೇಲೆ ಬೆರಳಿಟ್ಟಳು. "ಸತ್ತವರನ್ನ ಎದರಿಂದ ಕಾಯ್ತಾರವಾ? ಇದ್ದಾಗ ಕಾಯಬೇಕಿತ್ತು" ಅಂದಳು.

ಹುಡುಗಿಯ ತಪ್ಪೇನಿಲ್ಲ, ನಿಯಮ ಯಾರದೋ. ರೇಖಾ ತಲೆ ತಗ್ಗಿಸಿಕೊಂಡು ಹಾಳೆಗಳನ್ನು ಜೋಡಿಸತೊಡಗಿದಳು. ನಾನು ಬೀಡಿ ಸೇದಲು ಹೊರಗೆ ಹೋಗೋಣ ಅಂತ ಎದ್ದೆ.

ಆಗ ಹಿಂದಿನಿಂದ ದನಿ ಬಂತು. ಒಡಪಿನಲ್ಲಿ ನುಂಗುವ ದನಿಯಲ್ಲ. ಓಣಿಯ ಮೂಲೆಯ ತನಕ ಕೇಳುವ ದನಿ.

"ಕರಬಸಪ್ಪ!"

ರೇಖಾ ಬೆಚ್ಚಿ ತಲೆ ಎತ್ತಿದಳು. ದೊಡ್ಡವ್ವನ ತಲೆಯ ಮೇಲೆ ಸೆರಗಿರಲಿಲ್ಲ.

"ಕರಬಸಪ್ಪ ಅವರ ಹೆಸರು. ಚೀಲಾ ಹೊಲೀತಿದ್ರು. ಬಿಸಲಿಗೆ ಸತ್ರು. ನೀ ಬರೀಲಿಲ್ಲಂದ್ರ ಬಿಡು, ಇಂವ ಬರೀತಾನ. ಬರ್ಕೋಳೋ ಮಂಜ್ಯಾ!"

ಬರೆದಿದ್ದೇನೆ. ಇನ್ನು ಹೇಳುವುದೇನೂ ಇಲ್ಲ.